ತಡ ಮಾಡಿದವರು ಅವರು, ವಯಸ್ಸು ಹೋದದ್ದು ನಮ್ಮದು

ಮಾನ್ವಿಯಲ್ಲಿರುವ ನಮ್ಮ ದೊಡ್ಡಪ್ಪನ ಮಗಳು ರಾಯಚೂರಿನಲ್ಲಿ ರೂಮು ಮಾಡಿಕೊಂಡು ಸರ್ಕಾರಿ ನೌಕರಿಗೆ ಓದುತ್ತಿದ್ದಳು. ಕಾದಿದ್ದ ಹುದ್ದೆಗೆ ಅರ್ಜಿ ಕರೆಯುವಷ್ಟರಲ್ಲಿ ಅವಳ ವಯೋಮಿತಿ ಮುಗಿದಿತ್ತು. ‘ತಡ ಮಾಡಿದವ್ರು ಅವ್ರು, ವಯಸ್ಸು ಹೋಗಿದ್ದು ನಂದು ನೋಡು ತಮ್ಮಾ’ ಎಂದಳು. ಬ್ರಿಟನ್ ಸೇನೆಯಲ್ಲಿ ದುಡಿದ ನೇಪಾಳಿ ಗೂರ್ಖಾ ಸೈನಿಕರ ಮಕ್ಕಳ ಬಗ್ಗೆ ಓದುವಾಗ ಅಕ್ಕನ ಮಾತು ನೆನಪಾಯಿತು.

ಗೂರ್ಖಾಗಳು ಎರಡು ಮಹಾಯುದ್ಧಗಳಲ್ಲಿ ಬ್ರಿಟನ್ ಪರ ಹೋರಾಡಿದವರು. ಆದರೂ ನಿವೃತ್ತಿಯ ನಂತರ ಅಲ್ಲಿ ನೆಲೆಸುವ ಅವಕಾಶ ಅವರಿಗೆ ಬಹುಕಾಲ ಸಿಗಲಿಲ್ಲ. 1997ರ ಜುಲೈ 1ರ ನಂತರ ನಿವೃತ್ತರಾದವರಿಗೆ 2004ರಲ್ಲಿ ಬಾಗಿಲು ತೆರೆಯಿತು. ಅದಕ್ಕೂ ಹಿಂದಿನವರಿಗೆ, ನಟಿ ಜೊಆನಾ ಲಮ್ಲಿ ದನಿಗೂಡಿಸಿದ ಹೋರಾಟದ ಬಳಿಕ, 2009ರಲ್ಲಿ.

ಅಷ್ಟರಲ್ಲಿ ಅವರ ಮಕ್ಕಳು 18 ದಾಟಿದ್ದರು. ವಯಸ್ಕರಾದ್ದರಿಂದ ತಂದೆ-ತಾಯಿಯ ಜೊತೆ ಹೋಗುವ ಹಕ್ಕು ತಾನಾಗಿ ದಕ್ಕಲಿಲ್ಲ. ವೀಸಾ ನಿರಾಕರಣೆಯಾದ ಅನೇಕರು ಮೇಲ್ಮನವಿ ಹಾಕಿದರು. ಇಂಥ ಪ್ರಕರಣಗಳಲ್ಲಿ ಹಿಂದಿನ ಅನ್ಯಾಯವನ್ನೂ ತೂಗಿ ನೋಡಬೇಕು ಎಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯ 2013ರಲ್ಲಿ ಹೇಳಿತು. 2015ರಲ್ಲಿ ಸರ್ಕಾರ, 18ರಿಂದ 30 ವರ್ಷದೊಳಗಿನ ಅವಲಂಬಿತ ಮಕ್ಕಳಿಗೆ ಷರತ್ತುಗಳೊಂದಿಗೆ ಅವಕಾಶ ಕೊಟ್ಟಿತು.

‘ದೊಡ್ಡವರಾದ ಮೇಲೆ ತಮ್ಮ ಕಾಲ ಮೇಲೆ ತಾವು ನಿಲ್ಲಬೇಕಲ್ಲವೇ?’ ಎಂದು ಕೇಳಬಹುದು. ನನಗೀಗ ಇಪ್ಪತ್ತು. ಮತದಾನದ ಹಕ್ಕಿದೆ. ಆದರೆ ನನ್ನ ಬಿಇ ಫೀಸು, ಹಾಸ್ಟೆಲಿನ ಮೆಸ್ ಬಿಲ್ಲು ಇಂದಿಗೂ ಬರುವುದು ದೇವದುರ್ಗದಲ್ಲಿ ಅಪ್ಪ ಬೆಳೆಯುವ ಹತ್ತಿಯಿಂದಲೇ. ಹದಿನೆಂಟು ತುಂಬಿದ ರಾತ್ರಿಯೇ ಯಾರೂ ಮನೆಯಿಂದ ಬೇರೆಯಾಗುವುದಿಲ್ಲ.

ವಯಸ್ಸಿಗೊಂದು ಮಿತಿ ಇರಲಿ, ನಾನು ಬೇಡ ಎನ್ನುವುದಿಲ್ಲ. ಆದರೆ ಸರ್ಕಾರ ತಾನೇ ಕಳೆದ ವರ್ಷಗಳನ್ನು ಅರ್ಜಿದಾರರ ಲೆಕ್ಕಕ್ಕೆ ಬರೆಯುವುದು ಯಾವ ನ್ಯಾಯ? ಗೂರ್ಖಾ ಮಕ್ಕಳ ವಯಸ್ಸನ್ನು ಎಣಿಸಬೇಕಾದದ್ದು ತಂದೆ ಸೇನೆ ಬಿಟ್ಟ ದಿನದಿಂದ. ನಮ್ಮಲ್ಲೂ ಅಷ್ಟೇ. ನೇಮಕಾತಿ ನಡೆಯದ ವರ್ಷಗಳನ್ನು ವಯೋಮಿತಿಯಿಂದ ಕಳೆಯುವುದು ಕಾಯಂ ನಿಯಮವಾಗಬೇಕು. ಪ್ರತಿ ಸಲವೂ ಬೀದಿಗಿಳಿದು ‘ಸಡಿಲಿಕೆ ಕೊಡಿ’ ಎಂದು ಬೇಡುವಂತಾಗಬಾರದು.

ಅಕ್ಕ ಈಗ ಮಾನ್ವಿಯಲ್ಲಿ ಮಕ್ಕಳಿಗೆ ಟ್ಯೂಷನ್ ಹೇಳುತ್ತಾಳೆ. ಅವಳ ಪುಸ್ತಕಗಳು ನನ್ನ ರೂಮಿನಲ್ಲಿವೆ. ಅವುಗಳ ಸರದಿ ಮುಂದೆ ನನಗೂ ಬರಲಿದೆ.