ಕಾನೂನು ಸತ್ತರೂ ಕೈದಿ ಒಳಗೇ!

"ತಪ್ಪು ಮಾಡದವರಿಗೆ ಯಾಕ್ರೀ ಭಯ?" ದೇಶದ ಭದ್ರತೆ, ಕಠಿಣ ಕಾನೂನು ಅಂತ ಮಾತು ಬಂದಾಗಲೆಲ್ಲ ಈ ಪ್ರಶ್ನೆ ಬಂದೇ ಬರುತ್ತೆ. ಹಾಗೆ ಕೇಳುವವರಿಗೆ ನಾನು ಮೈಸೂರು ಜೈಲಿನ ಟಾಡಾ ಬಂದಿಗಳ ಕಥೆ ಹೇಳ್ತೀನಿ.

1993ರ ಏಪ್ರಿಲ್‌ನಲ್ಲಿ ಪಾಲಾರ್ ಹತ್ತಿರ ವೀರಪ್ಪನ್ ತಂಡ ನೆಲಬಾಂಬ್ ಸಿಡಿಸಿ 22 ಜನರನ್ನ ಕೊಂದಿತು. ಘೋರ ಕೃತ್ಯ, ಅದರಲ್ಲಿ ಎರಡು ಮಾತಿಲ್ಲ. ಆಮೇಲೆ ಶುರುವಾಯಿತು ನೋಡಿ ಬಂಧನ. ಮಲೆ ಮಹದೇಶ್ವರ ಬೆಟ್ಟದ ಸುತ್ತಮುತ್ತಲಿನ ಬಡವರು, ಹೆಂಗಸರೂ ಸೇರಿ ನೂರಕ್ಕೂ ಹೆಚ್ಚು ಜನರ ಮೇಲೆ ಟಾಡಾ ಬಿತ್ತು. ಪೊಲೀಸ್ ಎಸ್ಪಿ ಮುಂದೆ ಕೊಟ್ಟ ತಪ್ಪೊಪ್ಪಿಗೆಯೇ ಆ ಕಾನೂನಿನಲ್ಲಿ ಸಾಕ್ಷ್ಯ. ಇನ್ನು ಜಾಮೀನು? ಈತ ತಪ್ಪಿತಸ್ಥನಲ್ಲ ಅಂತ ನಂಬೋದಕ್ಕೆ ಕಾರಣ ಇದೆ ಅಂತ ನ್ಯಾಯಾಧೀಶರಿಗೆ ಮೊದಲೇ ಅನ್ನಿಸಬೇಕು. ವಿಚಾರಣೆಯೇ ಮುಗಿಯದೆ ಅನ್ನಿಸೋದು ಹೇಗೆ, ನೀವೇ ಹೇಳಿ.

ದುರ್ಬಳಕೆ ಆಗ್ತಿದೆ ಅನ್ನೋ ಕೂಗು ಎದ್ದು 1995ರ ಮೇ ತಿಂಗಳಲ್ಲಿ ಟಾಡಾ ಅವಧಿ ಮುಗಿಯಿತು. ಆದರೆ ಹಳೇ ಕೇಸುಗಳಿಗೆ ಸಾವಿಲ್ಲ! ಕಾನೂನು ಹೋಯಿತು, ಕೈದಿಗಳು ಉಳಿದರು.

2000ದ ಜುಲೈ 30ಕ್ಕೆ ಗಾಜನೂರಿನಿಂದ ಡಾ. ರಾಜ್ ಅಪಹರಣ ಆಯಿತಲ್ಲ, ಆಗ ವೀರಪ್ಪನ್ ಇಟ್ಟ ಬೇಡಿಕೆಗಳಲ್ಲಿ ಇವರ ಬಿಡುಗಡೆಯೂ ಒಂದು. ಏಳು ವರ್ಷ ಅಲ್ಲಾಡದಿದ್ದ ಸರ್ಕಾರ ಕೆಲವೇ ದಿನಗಳಲ್ಲಿ ಟಾಡಾ ಆರೋಪ ಕೈಬಿಡೋಕೆ ತಯಾರಾಗಿಬಿಟ್ಟಿತು. ಅಂದರೆ ಆ ಆರೋಪಗಳು ಅಷ್ಟು ಅಗತ್ಯವೇ ಇರಲಿಲ್ಲವೋ, ಅಥವಾ ಕಾಡುಗಳ್ಳನ ಮಾತಿಗೆ ಕೋರ್ಟಿನ ಮಾತಿಗಿಂತ ಬೆಲೆ ಜಾಸ್ತಿಯೋ? ಎರಡರಲ್ಲಿ ಯಾವುದಾದರೂ ನಾಚಿಕೆಗೇಡೇ. ವೀರಪ್ಪನ್‌ಗೆ ಬಲಿಯಾದ ಸಬ್‌ಇನ್ಸ್‌ಪೆಕ್ಟರ್ ಶಕೀಲ್ ಅಹಮದ್ ಅವರ ತಂದೆ ಅಬ್ದುಲ್ ಕರೀಂ ಸುಪ್ರೀಂ ಕೋರ್ಟಿಗೆ ಹೋದರು. ನವೆಂಬರ್ 7ರಂದು ಕೋರ್ಟು ಸರ್ಕಾರದ ಕ್ರಮವನ್ನ ತಳ್ಳಿಹಾಕಿತು. ಮಗನನ್ನ ಕಳಕೊಂಡ ಆ ತಂದೆಯದ್ದು ತಪ್ಪು ಅಂತ ನಾನಂತೂ ಹೇಳಲಾರೆ. ಕೋರ್ಟು ಹೇಳಿದ್ದೂ ಸರಿಯೇ. ನನ್ನ ಸಿಟ್ಟು ಅದಕ್ಕೂ ಹಿಂದಿನ ಏಳು ವರ್ಷಗಳ ಮೇಲೆ.

ಕೊನೆಗೆ 2001ರಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯ ತೀರ್ಪು ಕೊಟ್ಟಾಗ ಬಹುಪಾಲು ಜನ ಖುಲಾಸೆ. ಎಂಟು ವರ್ಷ ಜೈಲು ಆದ ಮೇಲೆ! ಇನ್ನು ಆ ಕಾಡಂಚಿನ ಹಳ್ಳಿಗಳಲ್ಲಿ ಎಸ್‌ಟಿಎಫ್ ನಡೆಸಿದ ಹಿಂಸೆ ಬೇರೆಯೇ ಅಧ್ಯಾಯ. ಬೆಟ್ಟದ ಮೇಲೆ ಜನರನ್ನ ಹಿಂಸಿಸುತ್ತಿದ್ದ ಜಾಗಕ್ಕೆ 'ವರ್ಕ್‌ಶಾಪ್' ಅಂತ ಹೆಸರು. ನ್ಯಾಯಮೂರ್ತಿ ಸದಾಶಿವ ಅವರ ಸಮಿತಿ ಅವರ ಹೇಳಿಕೆಗಳನ್ನ ಕೇಳಿತು. 2007ರಲ್ಲಿ ಮಾನವ ಹಕ್ಕು ಆಯೋಗ 89 ಮಂದಿಗೆ 2.80 ಕೋಟಿ ಪರಿಹಾರ ಕೊಡಿ ಅಂದಿತು. ಭಾಗಿಸಿ ನೋಡಿ, ತಲೆಗೆ ಮೂರು ಲಕ್ಷದಷ್ಟು.

ಹಳೇ ಕಥೆ ಅಂತೀರಾ? ಟಾಡಾ ಹೋಗಿ 2002ರಲ್ಲಿ ಪೋಟಾ ಬಂತು. 2004ರಲ್ಲಿ ಪೋಟಾ ಹೋಯಿತು, ಅದರ ಬಹಳಷ್ಟು ಅಂಶ ಯುಎಪಿಎ ಒಳಗೆ ಸೇರಿಕೊಂಡಿತು. 2008ರಲ್ಲಿ ಮುಂಬೈ ದಾಳಿಯಾದ ಮೇಲೆ ಜಾಮೀನು ಬಿಗಿಯಾಯಿತು: ಪೊಲೀಸರ ಆರೋಪ ಮೇಲ್ನೋಟಕ್ಕೆ ನಿಜ ಅನ್ನಿಸಿದರೆ ಸಾಕು, ಜಾಮೀನಿಲ್ಲ. ಚಾರ್ಜ್‌ಶೀಟ್ ಹಾಕೋಕೆ 180 ದಿನಗಳವರೆಗೂ ಅವಕಾಶ. (ಪೋಟಾ ತಂದದ್ದು ಒಂದು ಪಕ್ಷ, 2008ರ ತಿದ್ದುಪಡಿ ಇನ್ನೊಂದರದ್ದು. ಈ ವಿಷಯದಲ್ಲಿ ಮಾತ್ರ ಭಾರೀ ಒಗ್ಗಟ್ಟು!) ಟಾಡಾಕ್ಕೆ, ಪೋಟಾಕ್ಕೆ ಅವಧಿಯಾದರೂ ಇತ್ತು. ಯುಎಪಿಎಗೆ ಅದೂ ಇಲ್ಲ.

2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ ಕೇಸೊಂದರಲ್ಲಿ, ವಿಚಾರಣೆ ಮುಗಿಯೋ ಲಕ್ಷಣವೇ ಇಲ್ಲದಿದ್ದರೆ ಜಾಮೀನು ಕೊಡಬಹುದು ಅಂದಿತು. ಆ ಆರೋಪಿ ಅಷ್ಟರಲ್ಲಾಗಲೇ ಐದು ವರ್ಷ ಒಳಗಿದ್ದ, ಇನ್ನೂ 276 ಸಾಕ್ಷಿಗಳ ವಿಚಾರಣೆ ಬಾಕಿಯಿತ್ತು.

ಅದೇ ವರ್ಷ ಜುಲೈ 5ಕ್ಕೆ ಸ್ಟ್ಯಾನ್ ಸ್ವಾಮಿ ತೀರಿಕೊಂಡರು. ಹಿಂದೆ ನಮ್ಮ ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟ್ ನಡೆಸಿದ್ದವರು. 84 ವರ್ಷ, ಪಾರ್ಕಿನ್ಸನ್ ಕಾಯಿಲೆ. ಜೈಲಲ್ಲಿ ಲೋಟ ಹಿಡಿಯೋಕೆ ಕೈ ನಡುಗುತ್ತೆ, ನೀರು ಕುಡಿಯೋಕೆ ಸ್ಟ್ರಾ ಬೇಕು ಅಂತ ಕೋರ್ಟಿಗೆ ಅರ್ಜಿ ಹಾಕಿದ್ದರು. ಬಾಂಬೆ ಹೈಕೋರ್ಟಿನಲ್ಲಿ ಅವರ ಜಾಮೀನು ಅರ್ಜಿ ಕೈಗೆತ್ತಿಕೊಂಡಾಗ, ಅವರು ಅಂದು ಮಧ್ಯಾಹ್ನ ಹೋಗಿಬಿಟ್ಟರು ಅಂತ ಆಸ್ಪತ್ರೆಯ ಡಾಕ್ಟರು ನ್ಯಾಯಮೂರ್ತಿಗಳಿಗೆ ತಿಳಿಸಿದರು.