ಸರಿದೂಗಿಸಿದ ಮೇಲೆ ಮುಂದೇನು?

14.2 ಕಿಲೋ ಅಡುಗೆ ಅನಿಲದ ಸಿಲಿಂಡರ್ ಒಂದು ಖಾಲಿಯಾಗುವಷ್ಟರಲ್ಲಿ ಅಡುಗೆಮನೆಯಲ್ಲಿ ಹತ್ತಿರ ಹತ್ತಿರ 22 ಕಿಲೋ ನೀರು ಹುಟ್ಟಿ, ಆವಿಯಾಗಿ ಕಿಟಕಿಯಾಚೆ ಹೋಗಿರುತ್ತದೆ. ಉರಿದ ಗ್ಯಾಸಿಗಿಂತ ಹುಟ್ಟಿದ ನೀರೇ ಹೆಚ್ಚು ತೂಕ! ಇದನ್ನು ಲೆಕ್ಕ ಹಾಕಲು ದೊಡ್ಡ ವಿದ್ಯೆಯೇನೂ ಬೇಡ. ಒಂಬತ್ತನೇ ತರಗತಿಯ ಪರಮಾಣು ರಾಶಿ, ಹತ್ತನೇ ತರಗತಿಯ ವಿಜ್ಞಾನದ ಮೊದಲ ಪಾಠ, ಇಷ್ಟು ಸಾಕು.

ಆದರೆ ಆ ಪಾಠ ತರಗತಿಯಲ್ಲಿ ಸಾಗುವ ದಾರಿಯೇ ಬೇರೆ. ‘ಸಮೀಕರಣವನ್ನು ಸರಿದೂಗಿಸಿ’ ಎಂಬ ಪ್ರಶ್ನೆ ಪರೀಕ್ಷೆಗೆ ಬಂದೇ ಬರುತ್ತದೆಂದು ಮಕ್ಕಳು ಎಡಕ್ಕೆಷ್ಟು ಬಲಕ್ಕೆಷ್ಟು ಎಂದು ಎಣಿಸುತ್ತಾರೆ, ತಾಳೆಯಾದೊಡನೆ ಪೆನ್ನು ಕೆಳಗಿಡುತ್ತಾರೆ. ಕಾದ ಕಬ್ಬಿಣ ಮತ್ತು ಹಬೆಯ ಸಮೀಕರಣವನ್ನಂತೂ ‘ಮೂರು, ನಾಲ್ಕು, ಒಂದು, ನಾಲ್ಕು’ ಎಂದು ಬಾಯಿಪಾಠ ಮಾಡಿಕೊಂಡವರೇ ಹೆಚ್ಚು. ಪೂರ್ಣಾಂಕ ಸಿಗುತ್ತದೆ. ಆ ಮೂರು ಯಾವುದರ ಮೂರು ಎಂದು ಯಾರೂ ಕೇಳುವುದಿಲ್ಲ.

ಜಲಜನಕ ಮತ್ತು ಆಮ್ಲಜನಕ ಸೇರಿ ನೀರಾಗುವ ಸಮೀಕರಣವನ್ನೇ ನೋಡಿ. ಎಡಕ್ಕೆ ಆಮ್ಲಜನಕದ ಪರಮಾಣು ಎರಡು, ಬಲಕ್ಕೆ ಒಂದೇ. ಚುರುಕು ಹುಡುಗನೊಬ್ಬ ನೀರಿನ ಸೂತ್ರದಲ್ಲಿ ಆಮ್ಲಜನಕದ ಬುಡಕ್ಕೆ ಸಣ್ಣದೊಂದು 2 ಅಂಟಿಸಿಬಿಡುತ್ತಾನೆ. ಎಣಿಕೆ ಪಕ್ಕಾ! ಕೆಂಪು ಶಾಯಿ ಅದನ್ನು ತಪ್ಪೆಂದು ಹೊಡೆದುಹಾಕುತ್ತದೆ, ಅಲ್ಲಿಗೆ ಮಾತು ಮುಗಿಯಿತು. ಅವನು ಬರೆದದ್ದು ಗಾಯ ತೊಳೆಯಲು, ಕೂದಲು ಬ್ಲೀಚ್ ಮಾಡಲು ಬಳಸುವ ಹೈಡ್ರೋಜನ್ ಪೆರಾಕ್ಸೈಡ್ ಎಂದು ಅಲ್ಲೇ ಹೇಳಿದ್ದರೆ, ಮುಂದಿನ ಅಂಕಿಯನ್ನು ಬದಲಿಸಬಹುದು, ಬುಡದ ಅಂಕಿಯನ್ನು ಮುಟ್ಟಬಾರದು ಎಂಬ ನಿಯಮವನ್ನು ಮತ್ತೆ ಉರುಹೊಡೆಸಬೇಕಿರಲಿಲ್ಲ.

ಸಮೀಕರಣ ಮೊದಲು ಹೀಗಿರಲಿಲ್ಲ. ಫ್ರಾನ್ಸಿನ ರಸಾಯನ ವಿಜ್ಞಾನಿ ಲಾವಾಸಿಯೇ 1789ರಲ್ಲಿ ಪ್ರಕಟಿಸಿದ ರಸಾಯನಶಾಸ್ತ್ರದ ಪುಸ್ತಕದಲ್ಲಿ ದ್ರಾಕ್ಷಿ ರಸ ಹುಳಿತು ಮದ್ಯವಾಗುವುದನ್ನು ಬೀಜಗಣಿತದ ಸಮೀಕರಣದಂತೆ ಬರೆದು ತೋರಿಸಿದ. ಅವನ ಸಮಚಿಹ್ನೆ ಹುಟ್ಟಿದ್ದು ತಕ್ಕಡಿಯಿಂದ: ಹಾಕಿದ್ದೆಲ್ಲವನ್ನೂ ತೂಗಬೇಕು, ಬಂದದ್ದೆಲ್ಲವನ್ನೂ ತೂಗಬೇಕು. (ಹೊಟ್ಟೆಪಾಡಿಗೆ ಆತ ತೆರಿಗೆ ವಸೂಲಿ ಗುತ್ತಿಗೆಯ ಪಾಲುದಾರ, ಪೈಸೆ ಪೈಸೆಗೂ ಲೆಕ್ಕವಿಡುವ ಗುಣ ಅಲ್ಲಿಂದಲೇ ಬಂದಿತ್ತೋ ಏನೋ. 1794ರಲ್ಲಿ ತಲೆ ಹೋದದ್ದೂ ಅದೇ ಗುತ್ತಿಗೆಯ ದೆಸೆಯಿಂದ.) ನಮ್ಮ ತರಗತಿಗಳಲ್ಲಿ ಎಣಿಕೆ ಉಳಿದುಕೊಂಡಿತು, ತಕ್ಕಡಿ ಮಾಯವಾಯಿತು.

ಅದನ್ನು ವಾಪಸ್ ತರಲು ಸಿಲಿಂಡರೇ ಸಾಕು. ಅದರೊಳಗೆ ಇರುವುದು ಮುಖ್ಯವಾಗಿ ಬ್ಯೂಟೇನ್ ಮತ್ತು ಪ್ರೊಪೇನ್. ಲೆಕ್ಕದ ಸುಲಭಕ್ಕೆ ಪೂರ್ತಿ ಬ್ಯೂಟೇನ್ ಎಂದೇ ಇಟ್ಟುಕೊಳ್ಳೋಣ. ಬ್ಯೂಟೇನಿನ 2 ಅಣು ಚೆನ್ನಾಗಿ ಉರಿಯಲು ಆಮ್ಲಜನಕದ 13 ಅಣು ಬೇಕು. ಹುಟ್ಟುವುದು ಇಂಗಾಲದ ಡೈಆಕ್ಸೈಡಿನ 8, ನೀರಿನ 10. ಇವನ್ನು ತೂಕಕ್ಕೆ ಇಳಿಸಿದರೆ 116 ಗ್ರಾಂ ಗ್ಯಾಸಿಗೆ 416 ಗ್ರಾಂ ಆಮ್ಲಜನಕ. ಒಂದು ಸಿಲಿಂಡರ್ ಮುಗಿಯುವುದರೊಳಗೆ ಮನೆಯ ಗಾಳಿಯಿಂದ ಸುಮಾರು 51 ಕಿಲೋ ಆಮ್ಲಜನಕ ಖರ್ಚಾಗಿರುತ್ತದೆ.

ಕಿಟಕಿಯಿಲ್ಲದ ಬಚ್ಚಲಮನೆಯಲ್ಲಿ ಗ್ಯಾಸ್ ಗೀಸರ್ ಉರಿಯುತ್ತಿದ್ದರೆ? ಆ 13ಕ್ಕೆ ಕೊರತೆ ಬೀಳುತ್ತದೆ. 9 ಮಾತ್ರ ಸಿಕ್ಕಿತೆನ್ನಿ, ಆಗಲೂ ಸಮೀಕರಣ ಸರಿದೂಗುತ್ತದೆ: ನೀರು ಅದೇ 10, ಆದರೆ ಇಂಗಾಲದ ಡೈಆಕ್ಸೈಡಿನ ಜಾಗದಲ್ಲಿ ಕಾರ್ಬನ್ ಮೊನಾಕ್ಸೈಡಿನ 8 ಅಣು. ಬಣ್ಣವಿಲ್ಲ, ವಾಸನೆಯಿಲ್ಲ, ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುವ ವಿಷ ಅದು. ನಿಜವಾದ ಉರಿಯಲ್ಲಿ ಎರಡೂ ಕ್ರಿಯೆ ಬೆರೆತೇ ನಡೆಯುತ್ತವೆ, ಗಾಳಿ ಕಡಿಮೆಯಾದಂತೆ ಎರಡನೆಯದರ ಪಾಲು ಏರುತ್ತದೆ. ಸ್ನಾನಕ್ಕೆ ಹೋದವರು ಹೆಣವಾಗಿ ಸಿಕ್ಕ ಸುದ್ದಿ ಚಳಿಗಾಲದಲ್ಲಿ ಪತ್ರಿಕೆಗಳಿಗೆ ಹೊಸದಲ್ಲ.

ಇದಕ್ಕೆಲ್ಲ ಸಮಯ ಎಲ್ಲಿದೆ, ಜನವರಿಯೊಳಗೆ ಪಾಠ ಮುಗಿಸಬೇಡವೇ ಎಂದು ಶಿಕ್ಷಕರು ಕೇಳುವುದು ನ್ಯಾಯವೇ. ಪರೀಕ್ಷೆಯಲ್ಲಿ ಬಾರದ್ದನ್ನು ಯಾರೂ ಕಲಿಸುವುದಿಲ್ಲ, ಹಾಗಾಗಿ ಬದಲಾವಣೆ ಪ್ರಶ್ನೆಪತ್ರಿಕೆಯಿಂದಲೇ ಶುರುವಾಗಬೇಕು. ಪಾಠ ಬೆಳೆಸುವುದೇನೂ ಬೇಡ, ‘ಸರಿದೂಗಿಸಿ’ ಎಂಬುದರ ಕೆಳಗೆ ಇನ್ನೊಂದು ಸಾಲು ಸೇರಿಸಿದರಾಯಿತು: ‘ಬಾಗಿಲು ಮುಚ್ಚಿದ ಬಚ್ಚಲಲ್ಲಿ ಇದೇ ಗ್ಯಾಸ್ ಉರಿದರೆ ಬಲಗಡೆ ಏನು ಬದಲಾಗುತ್ತದೆ, ಏಕೆ?’ ಅದಕ್ಕೆ ಎರಡು ಅಂಕ.