ತೈಲಕ್ಕೆ ಒತ್ತೆಯಿಟ್ಟ ನಾಲಿಗೆ

ಪುಣೆಯ ಯಾವುದಾದರೂ ಹೌಸಿಂಗ್ ಸೊಸೈಟಿಯ ಅಂಗಳದಲ್ಲಿ ನಿಂತು ಸುಡಾನ್ ಬಗ್ಗೆ ಕೇಳಿ ನೋಡಿ. "ಅದು ಅವರವರ ಜಗಳ, ನಮಗ್ಯಾಕೆ?" ಎನ್ನುತ್ತಾರೆ. ಉಕ್ರೇನ್ ಬಗ್ಗೆ ಕೇಳಿ. "ರಷ್ಯಾ ಅಗ್ಗಕ್ಕೆ ತೈಲ ಕೊಡುತ್ತಿದೆ, ಬಾಯಿ ಮುಚ್ಚಿಕೊಂಡಿರುವುದೇ ಜಾಣತನ" ಎನ್ನುತ್ತಾರೆ. ಇರಾನ್ ಬಗ್ಗೆ ಕೇಳಿ. ತೈಲ ಕೊಳ್ಳುತ್ತಿದ್ದಷ್ಟು ದಿನ ಅದು ಸಾವಿರಾರು ವರ್ಷಗಳ ನೆಂಟ. ಕೊಳ್ಳುವುದು ನಿಂತ ಮೇಲೆ ನೆಂಟಸ್ತಿಕೆಯ ಮಾತೇ ಇಲ್ಲ. ಎಲ್ಲಿ ಯಾರು ಸತ್ತರು, ಯಾರು ಕೊಂದರು ಎಂದು ತಿಳಿಯುವ ಮೊದಲೇ ನಮ್ಮ ಅಭಿಪ್ರಾಯ ಸಿದ್ಧವಾಗಿರುತ್ತದೆ. ಬಂದರಿಗೆ ಬರುವ ಟ್ಯಾಂಕರ್ ಹಡಗೇ ಅದನ್ನು ಹೊತ್ತು ತಂದಿರುತ್ತದೆ. ಇದಕ್ಕೆ ನಾವಿಟ್ಟ ಹೆಸರು ರಾಷ್ಟ್ರಹಿತ.

ಈ ರಾಷ್ಟ್ರಹಿತವನ್ನು ನಾನು ಒಪ್ಪುವುದಿಲ್ಲ. ಕಾರಣ ಹೇಳಲು ದೂರ ಹೋಗಬೇಕಾಗಿಲ್ಲ. ಪುಣೆಯ ಪಕ್ಕದ ಖಡಕವಾಸಲಾ ಸಾಕು.

ಅಲ್ಲಿನ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಮುಖ್ಯ ಕಟ್ಟಡದ ಹೆಸರು ಸುಡಾನ್ ಬ್ಲಾಕ್. ಕರಿಗಲ್ಲು, ಜೋಧಪುರದ ಕೆಂಪುಕಲ್ಲು, ಮೇಲೊಂದು ದೊಡ್ಡ ಗುಮ್ಮಟ; ಒಳಗೆ ಪರಮವೀರ ಚಕ್ರ ಪಡೆದವರ ಭಾವಚಿತ್ರಗಳು. ಎರಡನೇ ಮಹಾಯುದ್ಧದ ಕಾಲದಲ್ಲಿ ಸುಡಾನ್ ಸೇರಿದಂತೆ ಪೂರ್ವ ಆಫ್ರಿಕಾದಲ್ಲಿ ಇಟಲಿಯ ಸೈನ್ಯವನ್ನು ಹಿಮ್ಮೆಟ್ಟಿಸಲು ಭಾರತದ ಸಿಪಾಯಿಗಳು ಹೋದರು. 1941ರ ಕೆರೆನ್ ಕದನದಲ್ಲಿ ಮರಾಠಾ ಪದಾತಿದಳ ಬೆಟ್ಟ ಹತ್ತಿ ಹೋರಾಡಿತು. ಅದೇ ದಳದ ಕೇಂದ್ರ ಇಂದು ನಮ್ಮ ಬೆಳಗಾವಿಯಲ್ಲಿದೆ. ಸತ್ತ ಸಿಪಾಯಿಗಳ ನೆನಪಿಗೆ ಸುಡಾನ್ ಸರ್ಕಾರ ಒಂದು ಲಕ್ಷ ಪೌಂಡ್ ಕೊಟ್ಟಿತು. ದೇಶ ವಿಭಜನೆಯಾದಾಗ ಅದರಲ್ಲಿ 70 ಸಾವಿರ ಪೌಂಡ್ ಭಾರತದ ಪಾಲಿಗೆ ಬಂತು. ಆ ದುಡ್ಡು ಖಡಕವಾಸಲಾದ ಕಟ್ಟಡವಾಯಿತು. ನಮ್ಮ ಸೇನಾಧಿಕಾರಿಗಳು ಇಂದಿಗೂ ಪಾಠ ಕಲಿಯುವುದು ಒಂದು ಬಡ ದೇಶದ ಕೃತಜ್ಞತೆ ಕಟ್ಟಿಸಿದ ಸೂರಿನಡಿ. ಇದು ಋಣ. ಈ ಋಣವನ್ನು ನಾವು ಹೇಗೆ ತೀರಿಸಿದೆವು?

2003ರಲ್ಲಿ ನಾವು ಸುಡಾನಿಗೆ ಮತ್ತೆ ಹೋದೆವು. ಈ ಸಲ ಹೋದದ್ದು ಸಾರ್ವಜನಿಕ ಕಂಪನಿ ಒಎನ್‌ಜಿಸಿ ವಿದೇಶ್. ಟ್ಯಾಲಿಸ್ಮನ್ ಎಂಬ ಕೆನಡಾದ ಕಂಪನಿ ಸುಡಾನಿನ ತೈಲಕೂಟದಲ್ಲಿ ತನಗಿದ್ದ ಶೇ. 25ರ ಪಾಲನ್ನು ಮಾರಿತು, ನಾವು ಕೊಂಡೆವು. ಅದು ಯಾಕೆ ಮಾರಿತು? ತೈಲಬಾವಿಗಳ ಸುತ್ತಲಿನ ನುಯೆರ್ ಮತ್ತು ಡಿಂಕಾ ಜನರನ್ನು ಸರ್ಕಾರಿ ಸೈನ್ಯ ಮತ್ತು ಅದು ಸಾಕಿದ ದಂಡುಗಳು ಬಾಂಬು ಹಾಕಿ, ಗುಡಿಸಲು ಸುಟ್ಟು ಓಡಿಸುತ್ತಿದ್ದವು. ಕೆನಡಾ ಸರ್ಕಾರವೇ ಕಳಿಸಿದ್ದ ತಂಡವೊಂದು 2000ದಲ್ಲಿ ವರದಿ ಕೊಟ್ಟಿತ್ತು: ಹೆಗ್ಲಿಗ್‌ನ ತೈಲ ಕ್ಷೇತ್ರದ ವಿಮಾನಪಟ್ಟಿಯಿಂದಲೇ ಸೈನ್ಯದ ವಿಮಾನಗಳು ಹಾರುತ್ತಿವೆ, ತೈಲ ಈ ಯುದ್ಧವನ್ನು ಉಲ್ಬಣಗೊಳಿಸುತ್ತಿದೆ ಎಂದು. ಕೆನಡಾದ ಚರ್ಚುಗಳು, ಮಾನವ ಹಕ್ಕಿನ ಸಂಘಟನೆಗಳು ವರ್ಷಗಟ್ಟಲೆ ಬೀದಿಗಿಳಿದವು. ಷೇರುದಾರರು ಮುಜುಗರಪಟ್ಟು ಕೈತೊಳೆದುಕೊಂಡರು. ಅವರು ನಾಚಿ ಬಿಟ್ಟುಹೋದ ಜಾಗದಲ್ಲಿ ನಾವು ಹೆಮ್ಮೆಯಿಂದ ಕೂತೆವು. ಆ ವರ್ಷವೇ ನೈಲ್ ಸೀಮೆಯ ಕಚ್ಚಾತೈಲ ನಮ್ಮ ಮಂಗಳೂರಿನ ತೈಲ ಸಂಸ್ಕರಣಾ ಕಂಪನಿ ಎಂಆರ್‌ಪಿಎಲ್‌ಗೆ ಬಂದಿಳಿಯಿತು. ದೇಶದ ಇಂಧನ ಭದ್ರತೆಗೆ ಹೊಸ ಯುಗ ಎಂದು ಕೊಂಡಾಡಿದ್ದಾಯಿತು. ಸುಟ್ಟ ಗುಡಿಸಲುಗಳ ಲೆಕ್ಕ ಕೇಳಲು ಪುಣೆಯಲ್ಲಿ ಒಂದು ಮೆರವಣಿಗೆ ಹೊರಟಿತೇ? ಮಂಗಳೂರಿನಲ್ಲಿ? ಬೆಂಗಳೂರಿನಲ್ಲಿ?

ಅದೇ 2003ರಲ್ಲಿ ದಾರ್ಫುರ್ ಹೊತ್ತಿಕೊಂಡಿತು. ಕೆಲವೇ ವರ್ಷಗಳಲ್ಲಿ ಅಲ್ಲಿ ಮೂರು ಲಕ್ಷದವರೆಗೆ ಜನ ಸತ್ತಿರಬಹುದೆಂದು ವಿಶ್ವಸಂಸ್ಥೆ ಅಂದಾಜು ಮಾಡಿತು. ಅಧ್ಯಕ್ಷ ಒಮರ್ ಅಲ್ ಬಷೀರ್ ವಿರುದ್ಧ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ 2009ರಲ್ಲಿ ಬಂಧನದ ವಾರಂಟ್ ಹೊರಡಿಸಿತು. 2010ರಲ್ಲಿ ನರಮೇಧದ ಆರೋಪವನ್ನೂ ಸೇರಿಸಿತು. ಅದೇ ಬಷೀರ್ 2015ರ ಅಕ್ಟೋಬರಿನಲ್ಲಿ ದೆಹಲಿಯ ಭಾರತ–ಆಫ್ರಿಕಾ ಶೃಂಗಸಭೆಗೆ ಬಂದ. ಕೆಂಪುಹಾಸು ಹಾಸಿದೆವು, ಕೈಕುಲುಕಿದೆವು, ಊಟ ಬಡಿಸಿದೆವು. ಆ ನ್ಯಾಯಾಲಯದ ಒಪ್ಪಂದಕ್ಕೆ ನಾವು ಸಹಿ ಹಾಕಿಲ್ಲ, ಹಾಗಾಗಿ ಬಂಧಿಸುವ ಹೊಣೆ ನಮಗಿಲ್ಲ ಎಂಬುದು ಕಾನೂನಿನ ಉತ್ತರ. ನಾನು ಕೇಳುತ್ತಿರುವುದು ಋಣದ ಪ್ರಶ್ನೆ. ಸುಡಾನಿನ ದುಡ್ಡಿನಲ್ಲಿ ಕಟ್ಟಿದ ಸೂರಿಗೆ ಹೆಸರು ಕೆತ್ತಿದವರು ಆ ಜನರ ನರಮೇಧದ ಆರೋಪ ಹೊತ್ತವನಿಗೆ ಅತಿಥಿಸತ್ಕಾರ ಮಾಡುವುದು ಯಾವ ಧರ್ಮ?

ಒಂದು ಪಕ್ಷ, ಒಂದು ಸರ್ಕಾರದ ಪಾಪ ಇದೆಂದು ಯಾರೂ ಜಾರಿಕೊಳ್ಳಬೇಡಿ. ತೈಲ ಕೊಂಡದ್ದು ವಾಜಪೇಯಿ ಕಾಲದಲ್ಲಿ. ಅದರ ಮೇಲೆ ತೆಪ್ಪಗೆ ಕೂತದ್ದು ಮನಮೋಹನ್ ಸಿಂಗ್ ಕಾಲದಲ್ಲಿ. ಬಷೀರ್‌ನನ್ನು ಕರೆಸಿದ್ದು ಮೋದಿ ಕಾಲದಲ್ಲಿ. 2007ರ ಸೆಪ್ಟೆಂಬರಿನಲ್ಲಿ ಬರ್ಮಾದ ಬೌದ್ಧ ಭಿಕ್ಷುಗಳು ಸೈನಿಕ ಆಡಳಿತದ ವಿರುದ್ಧ ಬರಿಗಾಲಿನಲ್ಲಿ ಬೀದಿಗೆ ಬಂದಿದ್ದರು. ಅದೇ ವಾರ ನಮ್ಮ ಪೆಟ್ರೋಲಿಯಂ ಮಂತ್ರಿ, ಮಹಾರಾಷ್ಟ್ರದವರೇ ಆದ ಮುರಳಿ ದೇವೊರಾ, ಅಲ್ಲಿನ ಸೈನ್ಯಾಧಿಕಾರಿಗಳ ಜೊತೆ ಅನಿಲ ಶೋಧನೆಯ ಒಪ್ಪಂದದ ಸಮಾರಂಭದಲ್ಲಿದ್ದರು. ಬುದ್ಧನ ನಾಡು ಎಂದು ಜಗತ್ತಿಗೆಲ್ಲ ಸಾರುವ ದೇಶಕ್ಕೆ ಭಿಕ್ಷುಗಳ ರಕ್ತ ಕಾಣಲಿಲ್ಲ. ಸಮುದ್ರದಡಿಯ ಅನಿಲ ಕಂಡಿತು.

ಇಷ್ಟಾಗಿ ಈ ರಾಷ್ಟ್ರಹಿತಕ್ಕೆ ಬೆನ್ನುಮೂಳೆಯಾದರೂ ಇದೆಯೇ? ಅದೂ ಇಲ್ಲ. ಇರಾನಿನ ಕಚ್ಚಾತೈಲದ ದೊಡ್ಡ ಗಿರಾಕಿಗಳಲ್ಲಿ ಇದೇ ಎಂಆರ್‌ಪಿಎಲ್ ಒಂದಾಗಿತ್ತು. 2005ರಲ್ಲಿ ಅಮೆರಿಕದ ಜೊತೆ ಅಣು ಒಪ್ಪಂದದ ಮಾತುಕತೆ ಶುರುವಾದ ಕೂಡಲೇ ವಿಯೆನ್ನಾದ ಅಣುಶಕ್ತಿ ಸಂಸ್ಥೆಯಲ್ಲಿ ಇರಾನ್ ವಿರುದ್ಧ ಮತ ಹಾಕಿದೆವು. 2019ರಲ್ಲಿ ವಾಷಿಂಗ್ಟನ್ ಹುಬ್ಬು ಗಂಟಿಕ್ಕಿತು, ತೈಲ ಕೊಳ್ಳುವುದನ್ನೇ ನಿಲ್ಲಿಸಿದೆವು. ಕೊಲ್ಲುವವನ ಎದುರು ಮೌನ, ದಬಾಯಿಸುವವನ ಎದುರು ಶರಣು. ಇದನ್ನು ಸ್ವತಂತ್ರ ವಿದೇಶಾಂಗ ನೀತಿ ಎಂದು ನಮ್ಮ ಮಕ್ಕಳಿಗೆ ಕಲಿಸುತ್ತಿದ್ದೇವೆ.

ಈಗ ರಷ್ಯಾದ ಮಾತಿಗೆ ಬರುತ್ತೇನೆ, ಯಾಕೆಂದರೆ ಪುಣೆಯ ಮಧ್ಯಮವರ್ಗ ಎದೆಯುಬ್ಬಿಸುವುದು ಅಲ್ಲಿ. 2022ರ ಫೆಬ್ರುವರಿಯಲ್ಲಿ ಯುದ್ಧ ಶುರುವಾಗುವ ಮುಂಚೆ ನಮ್ಮ ಆಮದಿನಲ್ಲಿ ರಷ್ಯಾದ ತೈಲ ಶೇ. 2ರಷ್ಟೂ ಇರಲಿಲ್ಲ. ಎರಡು ವರ್ಷದೊಳಗೆ ಅದು ಮೂರನೇ ಒಂದು ಭಾಗ ದಾಟಿತು. ವಿಶ್ವಸಂಸ್ಥೆಯಲ್ಲಿ ಆಕ್ರಮಣವನ್ನು ಖಂಡಿಸುವ ನಿರ್ಣಯಗಳು ಬಂದಾಗಲೆಲ್ಲ ನಾವು ಮತ ಹಾಕದೆ ಕೂತೆವು. "ಬಡವರ ದೇಶ, ಅಗ್ಗದ ತೈಲ ಬೇಡವೇ?" ಎಂದು ಕೇಳಿದರು. ಸರಿ, ಆ ಬಡವನ ಲೆಕ್ಕವನ್ನೇ ತೆಗೆಯೋಣ. 2022ರ ಜೂನಿನಲ್ಲಿ ಜಗತ್ತಿನ ಮಾರುಕಟ್ಟೆಯಲ್ಲಿ ಬ್ಯಾರೆಲ್‌ಗೆ 120 ಡಾಲರ್ ಇದ್ದ ಕಚ್ಚಾತೈಲ 2023ರ ಮಾರ್ಚ್ ಹೊತ್ತಿಗೆ 75 ಡಾಲರಿನ ಆಸುಪಾಸಿಗೆ ಇಳಿಯಿತು. ಪುಣೆಯ ಬಂಕಿನಲ್ಲಿ ಪೆಟ್ರೋಲು 2022ರ ಜುಲೈನಿಂದ ಲೀಟರಿಗೆ 106 ರೂಪಾಯಿಯ ಹತ್ತಿರ ನಿಂತದ್ದು ನಿಂತೇ ಇತ್ತು. 2024ರ ಮಾರ್ಚಿನಲ್ಲಿ, ಚುನಾವಣೆ ಬಾಗಿಲಿಗೆ ಬಂದಾಗ, ಎರಡು ರೂಪಾಯಿ ಇಳಿಸಿದರು. 2023–24ರಲ್ಲಿ ಮೂರು ಸರ್ಕಾರಿ ತೈಲ ಕಂಪನಿಗಳು ಸೇರಿ ಸುಮಾರು 81 ಸಾವಿರ ಕೋಟಿ ರೂಪಾಯಿ ಲಾಭ ಮಾಡಿದವು. ಹಿಂದಿನ ವರ್ಷದ ನಷ್ಟ ತುಂಬಿಕೊಂಡೆವು ಎಂಬ ಸಮಜಾಯಿಷಿಯನ್ನೂ ಕೇಳಿದ್ದೇನೆ. ನಷ್ಟ ಬಂದಾಗ ತುಂಬಿಕೊಡಲು ಬಡವ ಬೇಕು, ಲಾಭ ಬಂದಾಗ ಬಡವನ ನೆನಪಿಲ್ಲ.

ಬೆಳಗ್ಗೆ ಏಳಕ್ಕೆ ಪುಣೆಯ ಸಿಎನ್‌ಜಿ ಪಂಪಿನ ಮುಂದೆ ನಿಂತು ನೋಡಿ. ರಿಕ್ಷಾಗಳ ಸಾಲು ರಸ್ತೆಯ ತಿರುವು ದಾಟಿರುತ್ತದೆ. ಎಂಜಿನ್ ಆರಿಸಿ, ಬಗ್ಗಿ, ರಿಕ್ಷಾವನ್ನು ಅಂಗುಲ ಅಂಗುಲ ಮುಂದಕ್ಕೆ ತಳ್ಳುವವರಲ್ಲಿ ನಮ್ಮ ಕಲಬುರಗಿ, ವಿಜಯಪುರ ಕಡೆಯವರೂ ಇರುತ್ತಾರೆ. ಗ್ಯಾಸಿನ ದರ ಏರಿದ ದಿನ ಅವರ ಮನೆಯ ಅನ್ನಕ್ಕೇ ಕತ್ತರಿ. ಲೇಬರ್ ನಾಕಾದಲ್ಲಿ ಗುದ್ದಲಿ ಹಿಡಿದು ಕೂಲಿಗೆ ಕಾಯುವ ಯಾದಗಿರಿಯ ತಾಯಂದಿರನ್ನು ಕೇಳಿ, ರಷ್ಯಾದ ಅಗ್ಗದ ತೈಲ ನಿಮ್ಮ ಒಲೆಯ ತನಕ ಬಂತೇನವ್ವಾ ಎಂದು. ಆ ತಾಯಿಯ ಹೆಸರು ಹೇಳಿ ತೈಲ ಕೊಂಡಿರಿ. ಆ ತಾಯಿಯ ಹೆಸರು ಹೇಳಿ ಬಾಯಿ ಮುಚ್ಚಿದಿರಿ. ಆ ತಾಯಿಗೆ ಕೊಟ್ಟದ್ದೇನು?

2023ರ ಜನವರಿಯಲ್ಲಿ ವಿದೇಶಾಂಗ ಮಂತ್ರಿ ಜೈಶಂಕರ್ ತಮ್ಮ ಪುಸ್ತಕದ ಮರಾಠಿ ಅನುವಾದದ ಬಿಡುಗಡೆಗೆ ಪುಣೆಗೆ ಬಂದಿದ್ದರು. ಕೃಷ್ಣ ಮತ್ತು ಹನುಮಂತ ಜಗತ್ತಿನ ಅತಿ ದೊಡ್ಡ ರಾಜತಾಂತ್ರಿಕರು ಎಂದರು. ನನಗೂ ಆ ಕಥೆಗಳು ಗೊತ್ತು, ನಮ್ಮೂರಿನ ಯಕ್ಷಗಾನ, ಬಯಲಾಟಗಳು ಕಲಿಸಿವೆ. ಸಂಧಾನಕ್ಕೆ ಹೋದ ಕೃಷ್ಣ ದುರ್ಯೋಧನನ ಅರಮನೆಯ ಔತಣವನ್ನು ನಿರಾಕರಿಸಿ ವಿದುರನ ಮನೆಯಲ್ಲಿ ಉಂಡ. ತುಂಬಿದ ಸಭೆಯಲ್ಲಿ ಅನ್ಯಾಯವನ್ನು ಅನ್ಯಾಯ ಎಂದ. ಹನುಮಂತ ಕಡಲು ಹಾರಿದ್ದು ಸೆರೆಯಲ್ಲಿದ್ದ ಒಬ್ಬ ಹೆಣ್ಣಿನ ಕಣ್ಣೀರನ್ನು ಕಾಣಲು. ಆ ರಾಜತಾಂತ್ರಿಕರ ಹೆಸರು ಎತ್ತುವವರು ಆ ನಡೆಯನ್ನೂ ಕಲಿಯಬೇಕು.

ಪರೀಕ್ಷೆಯ ದಿನಗಳು ದೂರವಿರಲಿಲ್ಲ. ಅದೇ ವರ್ಷದ ಏಪ್ರಿಲಿನಲ್ಲಿ ಸುಡಾನ್ ಮತ್ತೆ ಹೊತ್ತಿ ಉರಿಯಿತು. ದಾರ್ಫುರಿನ ಎಲ್ ಫಾಶರ್ ಪಟ್ಟಣದಲ್ಲಿ ಸಿಕ್ಕಿಬಿದ್ದವರು ಯಾರು ಗೊತ್ತೇ? ನಮ್ಮ ಕರ್ನಾಟಕದ ಹಕ್ಕಿಪಿಕ್ಕಿಗಳು. ಕಾಡಿನಿಂದ ಹೊರಹಾಕಿಸಿಕೊಂಡು, ಗಿಡಮೂಲಿಕೆ, ತಲೆಗೆ ಹಚ್ಚುವ ಎಣ್ಣೆ ಮಾರಿಕೊಂಡು ಆಫ್ರಿಕಾದ ತುದಿತನಕ ಹೊಟ್ಟೆಪಾಡಿಗೆ ಹೋದವರು. ಅವರಿಗೆ ಅನ್ನ ನೀರಿಲ್ಲ ಎಂದು ಆಗ ವಿರೋಧ ಪಕ್ಷದಲ್ಲಿದ್ದ ಸಿದ್ದರಾಮಯ್ಯ ಬರೆದರೆ, ಇದರಲ್ಲಿ ರಾಜಕೀಯ ಮಾಡಬೇಡಿ ಎಂದು ಜೈಶಂಕರ್ ಗದರಿದರು. ಆಪರೇಷನ್ ಕಾವೇರಿಯಲ್ಲಿ ಮೂರೂವರೆ ಸಾವಿರಕ್ಕೂ ಹೆಚ್ಚು ಭಾರತೀಯರು ಮರಳಿ ಬಂದರು. ತಂದವರಿಗೆ ಶರಣು. ಆದರೆ ನಮ್ಮವರು ಬಂದರು, ಕಥೆ ಮುಗಿಯಿತು ಎಂದು ಪತ್ರಿಕೆಗಳು ಪುಟ ತಿರುವಿದವು. ಹಕ್ಕಿಪಿಕ್ಕಿಗಳು ಬದುಕಿಕೊಂಡಿದ್ದ ಅದೇ ಎಲ್ ಫಾಶರ್ 2025ರ ಅಕ್ಟೋಬರಿನಲ್ಲಿ ದೀರ್ಘ ಮುತ್ತಿಗೆಯ ನಂತರ, ಸೈನ್ಯದ ವಿರುದ್ಧ ಯುದ್ಧ ಹೂಡಿದ ಆರ್‌ಎಸ್‌ಎಫ್ ಎಂಬ ಕೊಲೆಗಡುಕ ಪಡೆಯ ವಶವಾಯಿತು. ಒಂದು ಹೆರಿಗೆ ಆಸ್ಪತ್ರೆಯಲ್ಲೇ 460ಕ್ಕೂ ಹೆಚ್ಚು ರೋಗಿಗಳನ್ನೂ ಅವರ ಜೊತೆಗಿದ್ದವರನ್ನೂ ಕೊಂದ ವರದಿಗಳನ್ನು ವಿಶ್ವ ಆರೋಗ್ಯ ಸಂಸ್ಥೆ ಜಗತ್ತಿನ ಮುಂದಿಟ್ಟಿತು. ಈ ಪಡೆಗೆ ಸಂಯುಕ್ತ ಅರಬ್ ಸಂಸ್ಥಾನದಿಂದ ಆಯುಧ ಹೋಗುತ್ತಿದೆ ಎಂಬ ಆರೋಪ ನಂಬಲರ್ಹ ಎಂದು ವಿಶ್ವಸಂಸ್ಥೆಯ ತಜ್ಞರು 2024ರಲ್ಲೇ ಬರೆದಿದ್ದರು. ಆ ದೇಶ ಅದನ್ನು ಅಲ್ಲಗಳೆಯುತ್ತದೆ. ನಾವು ಕೇಳಿ ತಿಳಿಯಬೇಕಿತ್ತು; ಕೇಳಲಿಲ್ಲ. ಮಂಗಳೂರಿನ ಭೂಗತ ಗುಹೆಯಲ್ಲಿ 2018ರಲ್ಲಿ ಅದೇ ದೇಶದ ಅಬುಧಾಬಿಯ ಸರ್ಕಾರಿ ಕಂಪನಿ ಕಚ್ಚಾತೈಲ ತುಂಬಿಸಿತು. ಆ ಗುಹೆ ತುಂಬಿದ ಹಾಗೆ ನಮ್ಮ ಬಾಯಿಯೂ ತುಂಬಿದೆ.

"ಯೂರೋಪು ಏನು ಸಾಚಾನಾ?" ಎಂದು ಕೇಳುತ್ತೀರಿ. ಅಲ್ಲ. ಉಕ್ರೇನಿಗೆ ಕಣ್ಣೀರು ಹಾಕುತ್ತಲೇ ರಷ್ಯಾದ ಅನಿಲ ಕೊಂಡವರು ಅವರು. 2003ರಲ್ಲಿ ಸುಳ್ಳು ಹೇಳಿ ಇರಾಕನ್ನು ಹಾಳುಗೆಡವಿದವರು ಅಮೆರಿಕದವರು. ಅವರ ಪಾಪ ನಮ್ಮ ಪುಣ್ಯವಾಗುವುದಿಲ್ಲ. ತೈಲವಿಲ್ಲದೆ ಬದುಕಲಾಗದು ಎಂಬುದೂ ನಿಜ. ನಮ್ಮ ಕಚ್ಚಾತೈಲದ ಶೇ. 85ಕ್ಕೂ ಹೆಚ್ಚು ಹೊರಗಿನಿಂದ ಬರಬೇಕು. ಕೊಳ್ಳಿ. ಬೆಲೆ ಚೌಕಾಶಿ ಮಾಡಿ ಕೊಳ್ಳಿ. ಆದರೆ ಕೊಲೆಯನ್ನು ಕೊಲೆ ಎನ್ನುವ ಹಕ್ಕನ್ನು ಯಾವ ಬಿಲ್ಲಿಗೂ ಸೇರಿಸಬೇಡಿ. ಕಿರಾಣಿ ಅಂಗಡಿಯವನು ಹೆಂಡತಿಯನ್ನು ಹೊಡೆಯುತ್ತಿದ್ದರೆ, ಸಾಲದ ಲೆಕ್ಕ ಇದೆ ಎಂದು ತಲೆ ತಗ್ಗಿಸಿ ಅಕ್ಕಿ ಕಟ್ಟಿಸಿಕೊಂಡು ಬರುವವನನ್ನು ನೀವು ಗಂಡಸು ಎನ್ನುವುದಿರಲಿ, ಮನುಷ್ಯ ಎನ್ನುತ್ತೀರಾ?

ಹೊರಗಿನವರ ಸಾವಿಗೆ ಕುರುಡಾದ ಕಣ್ಣು ಒಳಗಿನವರ ಸಾವನ್ನೂ ನೋಡುವುದಿಲ್ಲ. ಇದೇ ಇಂಧನದ ಹೆಸರಿನಲ್ಲಿ 2010ರಲ್ಲಿ ಫ್ರಾನ್ಸ್ ಅಧ್ಯಕ್ಷರ ಸಮ್ಮುಖದಲ್ಲಿ ರತ್ನಾಗಿರಿಯ ಜೈತಾಪುರಕ್ಕೆ ಅಣುಸ್ಥಾವರದ ಒಪ್ಪಂದವಾಯಿತು. ಮರುವರ್ಷ ಏಪ್ರಿಲಿನಲ್ಲಿ ಅದನ್ನು ವಿರೋಧಿಸಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಒಬ್ಬ ಮೀನುಗಾರ ಸತ್ತ. ರಷ್ಯಾದ ಅಣುಸ್ಥಾವರ ಬೇಡವೆಂದ ತಮಿಳುನಾಡಿನ ಕೂಡಂಕುಳಂ ಸುತ್ತಲಿನ ಸಾವಿರಾರು ಹಳ್ಳಿಗರ ಮೇಲೆ ರಾಜದ್ರೋಹದ ಕೇಸು ಬಿತ್ತು. ಕಾರವಾರ ಬಳಿಯ ಕೈಗಾ ಅಣುಸ್ಥಾವರ ಬೇಡವೆಂದು ಶಿವರಾಮ ಕಾರಂತರು ಇಳಿವಯಸ್ಸಿನಲ್ಲಿ 1989ರ ಲೋಕಸಭಾ ಚುನಾವಣೆಗೆ ನಿಂತು ಸೋತರು. ಸುಡಾನಿನ ನುಯೆರ್, ಕೊಂಕಣದ ಮೀನುಗಾರ, ಕಾರವಾರದ ರೈತ: ಮೂವರಿಗೂ ಹೇಳಿದ್ದು ಒಂದೇ ಮಾತು, ದೇಶಕ್ಕಾಗಿ ಪಕ್ಕಕ್ಕೆ ಸರಿಯಿರಿ ಎಂದು.

ಪುಣೆಯಲ್ಲೇ ಇನ್ನೊಂದು ಪರಂಪರೆ ಇದೆ. 1873ರಲ್ಲಿ ಜೋತಿಬಾ ಫುಲೆ ತಮ್ಮ 'ಗುಲಾಮಗಿರಿ' ಪುಸ್ತಕವನ್ನು ಅರ್ಪಿಸಿದ್ದು ಕಪ್ಪು ಜನರನ್ನು ದಾಸ್ಯದಿಂದ ಬಿಡಿಸಿದ ಅಮೆರಿಕದ ಸಜ್ಜನರಿಗೆ. ಆ ಜನರಿಂದ ಫುಲೆಗೆ ಬರಬೇಕಾದ್ದು ಏನೂ ಇರಲಿಲ್ಲ. ಒಂದು ಬ್ಯಾರೆಲ್ ಇಲ್ಲ, ಒಂದು ಒಪ್ಪಂದ ಇಲ್ಲ. ತುಳಿಸಿಕೊಂಡವನಿಗೆ ತುಳಿಸಿಕೊಂಡವನ ನೋವು ತಿಳಿದಿತ್ತು, ಅಷ್ಟೇ. ವಿದೇಶದ ವಿಚಾರದಲ್ಲಿ ಅಭಿಪ್ರಾಯ ಹೇಗಿರಬೇಕು ಎಂಬುದಕ್ಕೆ ಗಂಜ್ ಪೇಠದ ಫುಲೆಯವರ ಮನೆ ಕೊಟ್ಟ ಅಳತೆಗೋಲು ಇದು.

ಪುಣೆಯ ಕನ್ನಡಿಗರೇ, ಕನ್ನಡದ ಅಧ್ಯಾಪಕರೇ, ಪತ್ರಕರ್ತರೇ, ಹುಡುಗ ಹುಡುಗಿಯರೇ: ಯಾರಾದರೂ ರಾಷ್ಟ್ರಹಿತ ಎಂದ ಕೂಡಲೇ ಎರಡು ಪ್ರಶ್ನೆ ಕೇಳಿ. ಈ ತೈಲದಿಂದ ಯಾರ ಜೇಬು ತುಂಬಿತು? ಈ ತೈಲಕ್ಕಾಗಿ ಯಾರ ಮನೆ ಸುಟ್ಟಿತು? ಎರಡಕ್ಕೂ ಉತ್ತರ ಸಿಗುವ ತನಕ ತಲೆ ಆಡಿಸಬೇಡಿ. ದೇಶದ ಮೇಲಿನ ಪ್ರೀತಿ ಎಂದರೆ ದೇಶಕ್ಕೆ ನಾಚಿಕೆಯಾಗುವಂಥದ್ದು ನಡೆದಾಗ ಗಟ್ಟಿಯಾಗಿ ಬೇಡ ಎನ್ನುವುದು. ಸುಡಾನಿನ ಋಣ ಇನ್ನೂ ತೀರಿಲ್ಲ. ತೀರಿಸುವ ಮೊದಲ ಕಂತು, ನಾವು ಬಾಯಿ ಬಿಡುವುದು.